ಅಲ್ಲಾಡುವ ಬಾಲಕ್ಕೆ ಪೇಟೆಯೇ ಕಾರ್ಖಾನೆ

ಬೆಂಗಳೂರಿನ ಟೌನ್‌ಹಾಲ್ ಹತ್ತಿರ ಬಸ್ಸಿಳಿದರೆ ಒಂದು ಕಡೆ ಜೆ.ಸಿ. ರಸ್ತೆ, ಇನ್ನೊಂದು ಕಡೆ ಎಸ್.ಪಿ. ರಸ್ತೆ. ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವವರು, ರೆಕ್ಸಿನ್ ಮಾರುವವರು, ಫೋಮ್ ಹಾಳೆ ಕತ್ತರಿಸಿ ಕೊಡುವವರು. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರಿನ ಬಿಡಿಭಾಗ, ವೈರು, ಬ್ಯಾಟರಿ, ಬಗೆಬಗೆಯ ಸಣ್ಣ ಮೋಟರು. ಇವೆರಡರ ಹಿಂದೆ ಹಬ್ಬಿಕೊಂಡಿರುವ ಹಳೇ ಪೇಟೆಯಲ್ಲಿ ಬಟ್ಟೆ, ಎಲಾಸ್ಟಿಕ್, ಬಕಲ್, ಗುಂಡಿ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೊರಟು ಈ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ, ಸೊಂಟಕ್ಕೆ ಕಟ್ಟಿಕೊಂಡಾಗ ತಾನೇ ತಾನಾಗಿ ಅಲ್ಲಾಡುವ ಬಾಲವೊಂದಕ್ಕೆ ಬೇಕಾದ ಸಾಮಾನೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಕೈಚೀಲಕ್ಕೆ ಬಂದಿರುತ್ತದೆ.

ಬಾಲ ಎಂದರೆ ವೇಷದ ಬಾಲ. ಬೆಕ್ಕಿನದು, ನರಿಯದು, ಹುಲಿಯದು, ಹನುಮಂತನದು. ಸಿನಿಮಾ, ಕಾಮಿಕ್ಸ್, ಜಪಾನಿನ ಅನಿಮೆಗಳ ಪಾತ್ರಗಳಂತೆ ವೇಷ ಹಾಕಿಕೊಂಡು ಸೇರುವ ಕಾಸ್‌ಪ್ಲೇ ಈಗ ನಮ್ಮ ನಗರದ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತು. 2011ರಲ್ಲಿ ದೆಹಲಿಯಲ್ಲಿ ಶುರುವಾದ ಕಾಮಿಕ್ ಕಾನ್ ಮರುವರ್ಷ ಬೆಂಗಳೂರಿಗೂ ಬಂತು. ಅಲ್ಲಿಂದೀಚೆಗೆ ವೇಷ ಕಟ್ಟುವವರ ಬಳಗ ಇಲ್ಲೂ ಬೆಳೆಯಿತು. ಅದೇ 2011ರಲ್ಲಿ ಜಪಾನಿನ ನ್ಯೂರೋವೇರ್ ತಂಡ ‘ನೆಕೊಮಿಮಿ’ ಎಂಬ ಬೆಕ್ಕಿನ ಕಿವಿಗಳನ್ನು ತೋರಿಸಿತ್ತು. ತಲೆಗೆ ಹಾಕಿಕೊಂಡರೆ ಹಣೆಯ ಮೇಲಿನ ಸೆನ್ಸರ್ ಮಿದುಳಿನ ವಿದ್ಯುತ್ ಸಂಕೇತಗಳನ್ನು ಹಿಡಿದು ಕಿವಿಗಳನ್ನು ನಿಮಿರಿಸುತ್ತದೆ, ಬಾಗಿಸುತ್ತದೆ. ಅದು ದೊಡ್ಡವರ ಮಾತಾಯಿತು. ಮನೆಯ ಮೇಜಿನ ಮೇಲೆ, ಪೇಟೆಯಲ್ಲಿ ಬಿಡಿಯಾಗಿ ಸಿಗುವ ಸಾಮಾನಿನಿಂದ ಇಂಥದ್ದನ್ನು ಮಾಡಿ ಮಾರುವುದು ಹೇಗೆ ಎಂದು ನೋಡಲು ನಾನು ಪೇಟೆ ಸುತ್ತಿದೆ.

ಜೊತೆಗಿದ್ದವರು ಚಾಮರಾಜಪೇಟೆ ಕಡೆಯ ಯುವತಿ. ವಾರದ ದಿನಗಳಲ್ಲಿ ಕಚೇರಿ ಕೆಲಸ, ಶನಿವಾರ ಪೇಟೆ, ಉಳಿದ ರಾತ್ರಿಗಳಲ್ಲಿ ಬಾಲ. ತಾಯಿ ಹಿಂದಿನಿಂದಲೂ ಮನೆಯಲ್ಲಿ ರವಿಕೆ ಹೊಲಿಯುತ್ತಾ ಬಂದವರು. ಒಳಗಿನ ಯಂತ್ರ ಮಗಳದು, ಹೊರಗಿನ ಹೊಲಿಗೆ ಅಮ್ಮನದು.

ಮೊದಲು ಎಸ್.ಪಿ. ರಸ್ತೆ. ಸಾದರ ಪತ್ರಪ್ಪನವರ ಹೆಸರಿನ ರಸ್ತೆಯಿದು. ಆದರೆ ಪೂರ್ತಿ ಹೆಸರು ಹೇಳಿದರೆ ಆಟೋದವರಿಗೂ ಒಂದು ಕ್ಷಣ ಹೊಳೆಯುವುದಿಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಪ್ರಾಜೆಕ್ಟಿನ ತವರು. ಅಂಗಡಿಗಳು ಇಕ್ಕಟ್ಟು, ಮೆಟ್ಟಿಲು ಹತ್ತಿದರೆ ಮೇಲೆ ಇನ್ನೂ ಇಕ್ಕಟ್ಟು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಡಬ್ಬಿಗಳು, ಪ್ರತಿ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದ ನಂಬರು. ಕೌಂಟರಿನಲ್ಲಿದ್ದವರು ಈಕೆಯ ಮುಖ ನೋಡಿದ್ದೇ ಕೇಳಿದರು:

“ಈ ಸಲ ಯಾವ ಪ್ರಾಣೀದು ಮೇಡಂ?”

“ನರೀದು ಅಣ್ಣಾ. ಮೆಟಲ್ ಗೇರ್‌ದೇ ಕೊಡಿ, ಟೆಸ್ಟ್ ಮಾಡ್ಬಿಟ್ಟು ಕೊಡಿ.”

ಅವರು ತೆಗೆದಿಟ್ಟದ್ದು ಎರಡು ಬಗೆಯ ಸರ್ವೋ ಮೋಟರ್. ಒಂದು ಎಸ್‌ಜಿ90: ನೀಲಿ ಪ್ಲಾಸ್ಟಿಕ್ ಮೈ, ತೂಕ 9 ಗ್ರಾಂ, ಒಳಗಿನ ಹಲ್ಲುಚಕ್ರಗಳೂ ಪ್ಲಾಸ್ಟಿಕ್. ಇನ್ನೊಂದು ಎಂಜಿ996ಆರ್: ಕಪ್ಪು ಮೈ, 55 ಗ್ರಾಂ, ಒಳಗೆ ಲೋಹದ ಹಲ್ಲುಚಕ್ರ. ಸಾಮಾನ್ಯ ಮೋಟರಿಗೆ ಕರೆಂಟು ಕೊಟ್ಟರೆ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಸರ್ವೋ ಹಾಗಲ್ಲ, ಹೇಳಿದ ಕೋನಕ್ಕೆ ಹೋಗಿ ನಿಲ್ಲುತ್ತದೆ. ಅದಕ್ಕೆ 20 ಮಿಲಿಸೆಕೆಂಡಿಗೊಮ್ಮೆ ಒಂದು ಸಂಕೇತ ಹೋಗಬೇಕು. ಆ ಸಂಕೇತ 1 ಮಿಲಿಸೆಕೆಂಡ್ ಉದ್ದ ಇದ್ದರೆ ಮೋಟರಿನ ಕೈ ಒಂದು ಬದಿಗೆ, 2 ಇದ್ದರೆ ಇನ್ನೊಂದು ಬದಿಗೆ, ಒಂದೂವರೆ ಇದ್ದರೆ ಸರಿಯಾಗಿ ನಡುವೆ. ಬಾಲ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು, ಯಾವಾಗ ಎಂಬುದೆಲ್ಲ ಈ ಕಣ್ಣಿಗೆ ಕಾಣದ ಅಳತೆಯಲ್ಲಿದೆ.

ನೀಲಿಯದು ಅಗ್ಗ. ಬೆಕ್ಕಿನ ಕಿವಿಗೆ ಧಾರಾಳವಾಗಿ ಸಾಕು. ಬಾಲಕ್ಕೆ ಮಾತ್ರ ಅದು ಆಗದು, ಏಕೆಂದರೆ ಬಾಲ ಕಂಡವರೆಲ್ಲ ಅದನ್ನು ಹಿಡಿದು ಎಳೆಯುತ್ತಾರೆ. ಮಕ್ಕಳಂತೂ ಬಿಡುವುದೇ ಇಲ್ಲ. ಒಮ್ಮೆ ಜಗ್ಗಿದರೆ ಪ್ಲಾಸ್ಟಿಕ್ ಹಲ್ಲು ಸವೆದು ಹೋಯಿತು. ಕಪ್ಪು ಸರ್ವೋದ ಬಲ 4.8 ವೋಲ್ಟಿನಲ್ಲಿ 9.4 ಕಿಲೋ-ಸೆಂಟಿಮೀಟರ್ ಎಂದು ತಯಾರಕರ ಹಾಳೆ ಹೇಳುತ್ತದೆ. ಅಂದರೆ ಅಚ್ಚಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಒಂಬತ್ತು ಕಿಲೋ ಚಿಲ್ಲರೆ ಭಾರ ತಡೆದುಕೊಳ್ಳಬಲ್ಲದು, ಎರಡು ಸೆಂಟಿಮೀಟರ್ ದೂರದಲ್ಲಿ ಅದರ ಅರ್ಧ. ಅಂಗಡಿಯವರು ಪುಟ್ಟ ಟೆಸ್ಟರಿಗೆ ವೈರು ಸಿಕ್ಕಿಸಿ ಗುಬುಟು ತಿರುಗಿಸಿದರು. ಈಕೆ ಮೋಟರನ್ನು ಕಿವಿಯ ಹತ್ತಿರ ಹಿಡಿದು ಕೇಳಿ, ಒಂದನ್ನು ವಾಪಸು ಕೊಟ್ಟು ಇನ್ನೊಂದು ತೆಗೆಸಿದರು. ಹಲ್ಲುಚಕ್ರದಲ್ಲಿ ಕರಕರ ಸದ್ದು ಬಂದರೆ ಅದು ಕಾರ್ಯಕ್ರಮದ ಮಧ್ಯೆ ಕೈಕೊಡುತ್ತದಂತೆ. ಅಂಗಡಿಯವರು ಬೇಸರಿಸಿಕೊಳ್ಳಲಿಲ್ಲ, ತಾವೂ ಕಿವಿಗೆ ಹಿಡಿದು ನೋಡಿದರು.

ಅಲ್ಲೇ ಮೋಟರಿಗೆ ಆ ಸಂಕೇತ ಕಳಿಸುವ ಒಂದು ನ್ಯಾನೋ ಬೋರ್ಡು, ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೂರು ಬಣ್ಣದ ವೈರು ಒಂದೊಂದು ಮೀಟರ್, ಎರಡು ಸ್ವಿಚ್ಚು. ಕೆಪಾಸಿಟರ್ ಏಕೆ ಎಂದರೆ, ಮೋಟರು ತಟಕ್ಕನೆ ಹೊರಳುವಾಗ ಬ್ಯಾಟರಿಯಿಂದ ಕರೆಂಟನ್ನು ಒಮ್ಮೆಲೇ ಎಳೆದುಕೊಳ್ಳುತ್ತದೆ. ಆಗ ಬೋರ್ಡಿಗೆ ವೋಲ್ಟೇಜು ಕಮ್ಮಿ ಬಿದ್ದು ಅದು ಮೊದಲಿನಿಂದ ಶುರುವಾಗುತ್ತದೆ, ಬಾಲಕ್ಕೆ ಬಿಕ್ಕಳಿಕೆ ಹಿಡಿಯುತ್ತದೆ. ಕೆಲವೇ ರೂಪಾಯಿಯ ಕೆಪಾಸಿಟರ್ ಆ ಕ್ಷಣಕ್ಕೆ ಬೇಕಾದ ಕರೆಂಟನ್ನು ತನ್ನೊಳಗಿಂದ ಕೊಡುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಂದು ಮೋಟರು, ಒಂದು ಕೆಪಾಸಿಟರ್, ಒಂದು ಮೀಟರ್ ವೈರು ಎಂದು ಕೇಳಿದರೆ ಈ ಬೀದಿಯಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಮನೆಯಲ್ಲಿ ಕೂತು ಒಂದೊಂದೇ ವಸ್ತು ಮಾಡುವವರು ಬದುಕಿರುವುದು ಈ ಚಿಲ್ಲರೆ ವ್ಯಾಪಾರದಿಂದ. ಆನ್‌ಲೈನಿನಲ್ಲೂ ಒಂದೇ ಮೋಟರು ಸಿಗುತ್ತದೆ, ನಿಜ. ಆದರೆ ಅದನ್ನು ಕಿವಿಗೆ ಹಿಡಿದು ನೋಡಿ ವಾಪಸು ಕೊಡಲಾಗದು, ಕೆಲಸ ಹೇಳಿ “ಇದಕ್ಕೆ ಯಾವುದು ಸರಿ ಅಣ್ಣಾ” ಎಂದು ಕೇಳಲಾಗದು.

ಎಸ್.ಪಿ. ರಸ್ತೆಯಿಂದ ಎಸ್.ಜೆ.ಪಿ. ರಸ್ತೆಗೆ ದೂರವೇನಿಲ್ಲ. ಅಲ್ಲಿ ಪಂಪು, ಪೈಪು, ನಟ್ಟು ಬೋಲ್ಟು. ಗಾಳಿಯ ಯಂತ್ರಗಳಿಗೆ ಹಾಕುವ 8 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪೈಪು ಒಂದು ಮೀಟರ್ ತೆಗೆದುಕೊಂಡೆವು. ಬಾಗಿಸಿದರೆ ಬಾಗಿ, ಬಿಟ್ಟರೆ ನೆಟ್ಟಗಾಗುವ ಗುಣ ಅದರದು. ಗಾಳ ಹಾಕುವ ಹೆಣೆದ ದಾರ, ಎರಡು ಸಣ್ಣ ಸ್ಪ್ರಿಂಗು. ಜೆ.ಸಿ. ರಸ್ತೆಯಲ್ಲಿ ತೆಳು ಫೋಮ್ ಅರ್ಧ ಮೀಟರ್. ಅಲ್ಲಿಂದ ಪೇಟೆಯೊಳಗೆ.

1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗ ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಎರಡು ಬೀದಿಗಳು ಕೂಡುವ ಜಾಗವೇ ನಡುಮಧ್ಯ. ದೊಡ್ಡಪೇಟೆ ಇಂದಿನ ಅವೆನ್ಯೂ ರಸ್ತೆ. ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆ, ಬಳೇಪೇಟೆ ಎಂದು ಕಸುಬಿಗೊಂದು ಪೇಟೆ. ಕಸುಬುಗಳು ಎಷ್ಟೋ ಬದಲಾಗಿವೆ, ಒಂದೇ ಬಗೆಯ ಅಂಗಡಿಗಳು ಒಂದೇ ಸಾಲಿನಲ್ಲಿ ಕೂರುವ ರೂಢಿ ಬದಲಾಗಿಲ್ಲ. ಮಾಮೂಲ್‌ಪೇಟೆಯಲ್ಲಿ ಲೇಸು, ಮಣಿ, ಎಲಾಸ್ಟಿಕ್, ವೆಲ್ಕ್ರೋ. ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ಗೊಂಬೆ ಮಾಡುವವರು ಒಯ್ಯುವ ಕೂದಲಿನ ಬಟ್ಟೆ, ಅದಕ್ಕೆ ಎಲ್ಲರೂ ‘ಫರ್’ ಎನ್ನುತ್ತಾರೆ. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಈ ಪೇಟೆಗಳಲ್ಲೇ ಸಾಗುತ್ತದೆ. ತಲೆಯ ಮೇಲೆ ಹೊತ್ತು ನಡೆಯುವ, ಸೊಂಟಕ್ಕೆ ಕಟ್ಟಿ ಕುಣಿಯುವ ವಸ್ತುಗಳನ್ನು ಕಂಡ ಬೀದಿಗಳಿವು.

ಫರ್ ಅಂಗಡಿಯಲ್ಲಿ ಈಕೆ ಬಟ್ಟೆಯ ಮೇಲೆ ಅಂಗೈ ಆಡಿಸಿ ಕೂದಲು ಯಾವ ಕಡೆಗೆ ಮಲಗುತ್ತದೆ ಎಂದು ಮೊದಲು ನೋಡಿಕೊಂಡರು. ಬಾಲದ ಬುಡದಿಂದ ತುದಿಯ ಕಡೆಗೆ ಕೂದಲು ಮಲಗಬೇಕು. ಉಲ್ಟಾ ಆದರೆ ನರಿಯ ಬಾಲ ಹೋಗಿ ಬಾಟಲಿ ತೊಳೆಯುವ ಬ್ರಷ್ಷಾಗುತ್ತದೆ. ಕತ್ತರಿಸಿ ಕೊಡಲು ಅಂಗಡಿಯ ಹುಡುಗ ಕತ್ತರಿ ಎತ್ತಿದ. ಈಕೆ ತಡೆದು ಚೀಲದಿಂದ ಬ್ಲೇಡು ತೆಗೆದು ಕೊಟ್ಟು, “ಹಿಂದಿನಿಂದ ಬರೀ ಬಟ್ಟೆ ಕೊಯ್ಯಪ್ಪಾ, ಕೂದಲು ಮುಟ್ಬೇಡ” ಎಂದರು. ಕತ್ತರಿ ಹಾಕಿದರೆ ಅಂಚಿನ ಕೂದಲೆಲ್ಲ ಮೊಂಡಾಗಿ, ಹೊಲಿಗೆ ಬಂದ ಕಡೆ ಬಿಳಿ ಗೆರೆ ಎದ್ದು ಕಾಣುತ್ತದೆ.

ಚಾಮರಾಜಪೇಟೆಯ ಮನೆಯಲ್ಲಿ ಕಿಟಕಿಯ ಪಕ್ಕ ಅಮ್ಮನ ಹೊಲಿಗೆ ಯಂತ್ರ, ಎದುರು ಗೋಡೆಗೆ ಮಗಳ ಮೇಜು. ಮೇಜಿನ ಮೇಲೆ ಅರ್ಧ ಮುಗಿದ ಬಾಲವೊಂದು ಫರ್ ಇಲ್ಲದೆ ಬೆತ್ತಲೆ ಮಲಗಿತ್ತು. ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಇದು.

ನಡುವೆ ಆ ಪ್ಲಾಸ್ಟಿಕ್ ಪೈಪು. ಅದಕ್ಕೆ ಪೋಣಿಸಿದ ಅಕ್ರಿಲಿಕ್ ಬಿಲ್ಲೆಗಳು: ಬುಡದ್ದು 6 ಸೆಂಟಿಮೀಟರ್ ಅಗಲ, ತುದಿಯತ್ತ ಹೋಗುತ್ತಾ ಕಿರಿದಾಗಿ ಕೊನೆಯದು ಎರಡೂವರೆ. ಪ್ರತಿ ಬಿಲ್ಲೆಯಲ್ಲಿ ಪೈಪಿನ ಎಡಕ್ಕೊಂದು, ಬಲಕ್ಕೊಂದು ಸಣ್ಣ ತೂತು. ಎರಡು ಗಾಳದ ದಾರಗಳು ಎಲ್ಲ ತೂತುಗಳನ್ನೂ ದಾಟಿ ಹೋಗಿ ಕೊನೆಯ ಬಿಲ್ಲೆಯಲ್ಲಿ ಗಂಟು ಬಿದ್ದಿವೆ. ಬುಡದಲ್ಲಿ ಆ ದಾರಗಳ ಇನ್ನೊಂದು ತುದಿ ಸರ್ವೋದ ಕೈಯ ಎರಡು ಕೊನೆಗಳಿಗೆ. ಕೈ ಎಡಕ್ಕೆ ತಿರುಗಿದರೆ ಒಂದು ದಾರ ಬಿಗಿಯುತ್ತದೆ, ಇನ್ನೊಂದು ಸಡಿಲುತ್ತದೆ, ಬಾಲ ಬಿಗಿದ ಕಡೆಗೆ ಬಾಗುತ್ತದೆ. ಅಷ್ಟೇ ತಂತ್ರ. ಮೇಲೆ ಕೆಳಗೂ ಆಡಬೇಕೆಂದರೆ ಇನ್ನೊಂದು ಸರ್ವೋ, ಇನ್ನೆರಡು ದಾರ.

ಪ್ರತಿ ದಾರದ ಬುಡದಲ್ಲಿ ಒಂದು ಸಣ್ಣ ಸ್ಪ್ರಿಂಗು ಇದೆ. ಯಾರಾದರೂ ಬಾಲ ಹಿಡಿದು ಜಗ್ಗಿದರೆ ಸ್ಪ್ರಿಂಗು ಹಿಗ್ಗುತ್ತದೆ, ಏಟು ಹಲ್ಲುಚಕ್ರದವರೆಗೆ ಹೋಗುವುದಿಲ್ಲ. ಸೊಂಟದ ಪಟ್ಟಿ ಔಷಧಿ ಅಂಗಡಿಯಲ್ಲಿ ಬೆನ್ನುನೋವಿಗೆ ಕೊಡುವ ಅಗಲವಾದ ಬೆಲ್ಟು. ಅದಕ್ಕೆ ಪ್ಲೈವುಡ್ಡಿನ ಹಲಗೆ, ಹಲಗೆಯ ಹಿಂದೆ ಜೆ.ಸಿ. ರಸ್ತೆಯ ಫೋಮು. ಕಿರಿದಾದ ಬೆಲ್ಟಿಗೆ ಕಟ್ಟಿದರೆ ಬಾಲದ ಭಾರಕ್ಕೆ ಪಟ್ಟಿ ಹಿಂದಕ್ಕೆ ಜೋತು ಬಿದ್ದು, ಹೊಟ್ಟೆಯ ಮೇಲೆ ಕೊರೆಯುತ್ತದೆ. ಮೋಟರಿನ ಡಬ್ಬಿಯನ್ನು ಫರ್‌ನ ಹೊರಗಿಟ್ಟು ಗಾಳಿ ಆಡಲು ತೂತು ಬಿಟ್ಟಿದ್ದಾರೆ. ದಪ್ಪ ಕೂದಲ ಒಳಗೆ ಸಿಕ್ಕಿಸಿದರೆ ಮೋಟರು ಬಿಸಿಯಾಗುತ್ತದೆ.

ಇನ್ನು ಅಲ್ಲಾಟ. ಸ್ವಿಚ್ಚು ಒತ್ತಿ ಒಂದು ಹಳೆಯ ಬಾಲ ತೋರಿಸಿದರು. ಎಡ, ಬಲ, ಎಡ, ಬಲ, ಮಳೆಯಲ್ಲಿ ಕಾರಿನ ವೈಪರ್ ಆಡಿದಂತೆ. ಆಮೇಲೆ ಈಗಿನದನ್ನು ತೋರಿಸಿದರು. ಸ್ವಲ್ಪ ಹೊತ್ತು ಸುಮ್ಮನಿತ್ತು. ತುದಿ ಮಾತ್ರ ಒಮ್ಮೆ ಮಿಡುಕಿತು. ಮತ್ತೆ ಸುಮ್ಮನೆ. ಆಮೇಲೆ ನಿಧಾನವಾಗಿ ಒಂದು ಬದಿಗೆ ಹೊರಳಿ, ನಿಂತು, ಬೇಗ ವಾಪಸು ಬಂತು. ನೋಡುತ್ತಿದ್ದ ನನಗೆ ಮೈ ಜುಮ್ಮೆಂದಿತು. ಮೋಟರು ಅದೇ, ದಾರ ಅದೇ. ಎರಡು ಅಲ್ಲಾಟಗಳ ನಡುವಿನ ಬಿಡುವು ಪ್ರತಿ ಸಲ ಬೇರೆಯಾಗುವಂತೆ ಬೋರ್ಡಿಗೆ ಬರೆದಿದ್ದಾರೆ, ಹೋಗುವ ವೇಗ ಬರುವ ವೇಗ ಬೇರೆ ಮಾಡಿದ್ದಾರೆ. ಬೀದಿಯ ಬೆಕ್ಕುಗಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಬಂದು ನೋಡಿ ನೋಡಿ ಕಲಿತದ್ದಂತೆ. ತುದಿಯ ಮಿಡುಕಿಗೆ ಇನ್ನೊಂದು ಉಪಯೋಗವೂ ಇದೆ. ಬಾಲ ನಡೆಯುವುದು ಮೊಬೈಲಿನ ಪವರ್‌ಬ್ಯಾಂಕಿನಲ್ಲಿ. ಕರೆಂಟು ಎಳೆಯುವವರು ಯಾರೂ ಇಲ್ಲ ಎನಿಸಿದರೆ ಎಷ್ಟೋ ಪವರ್‌ಬ್ಯಾಂಕುಗಳು ತಾವೇ ಆರಿಹೋಗುತ್ತವೆ. ಹತ್ತು ಹದಿನೈದು ಸೆಕೆಂಡಿಗೊಂದು ಸಣ್ಣ ಮಿಡುಕು ಅದನ್ನು ಎಚ್ಚರವಾಗಿಡುತ್ತದೆ.

“ಇದಕ್ಕೆ ಪ್ರಾಣ ಇದೆ ಅನ್ನಿಸ್ಬೇಕು, ಆದ್ರೆ ಯಂತ್ರ ಕಾಣಬಾರ್ದು” ಎಂದರು ಮಗಳು. ಅಮ್ಮ ಫರ್‌ನ ಒಳಭಾಗವನ್ನು ಹೊರಗೆ ಮಾಡಿ ಹೊಲಿಯುತ್ತಾ, ಸೂಜಿಯ ಮೊನೆಯಿಂದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಒಂದೊಂದಾಗಿ ಎತ್ತಿ ಬಿಡಿಸುತ್ತಿದ್ದರು. “ಬಿಗಿಯಾಗಿ ಹೊಲಿದ್ರೆ ನಿನ್ನ ಬಾಲ ಬಾಗಲ್ಲ ಕಣೇ” ಎಂದು ಒಂದಿಷ್ಟು ಸಡಿಲ ಬಿಟ್ಟರು. ರವಿಕೆಯ ತೋಳಿಗೆ ಬಿಡುವ ಸಡಿಲವೇ ಇಲ್ಲೂ ಲೆಕ್ಕ.

ಇಂಥ ಕೆಲಸ ನಮಗೆ ಹೊಸದಲ್ಲ. ಬಿದಿರಿನ ಚೌಕಟ್ಟಿಗೆ ಬಟ್ಟೆ ಹೊದಿಸಿ ಸೊಂಟಕ್ಕೆ ಕಟ್ಟುವ ಕೀಲುಕುದುರೆ, ಒಳಗೆ ಮನುಷ್ಯ ನಿಂತು ಕುಣಿಸುವ ಗಾರುಡಿ ಗೊಂಬೆ ನಮ್ಮ ಜಾತ್ರೆಗಳಲ್ಲಿ, ದಸರಾ ಮೆರವಣಿಗೆಯಲ್ಲಿ ಇವೆ. ಕಂಪನಿ ನಾಟಕದವರು ಟ್ರಿಕ್ ಸೀನಿಗೆಂದೇ ಜನ ಸೇರಿಸುತ್ತಿದ್ದರು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ವರ್ಷವಿಡೀ ನಾಟಕ ನಡೆಯುತ್ತದೆ, ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಎಸ್.ಪಿ. ರಸ್ತೆ ಇದೆ. ಆದರೂ ರಂಗದ ಮೇಲಿನ ಹನುಮಂತನ ಬಾಲ ಈಗಲೂ ಬಹುಮಟ್ಟಿಗೆ ಹತ್ತಿ ತುಂಬಿದ ಬಟ್ಟೆ. ರಾವಣನ ಸಭೆಯಲ್ಲಿ ಆ ಬಾಲ ಅಲ್ಲಾಡಿದರೆ ಮುಂದಿನ ಸಾಲಿನ ಮಕ್ಕಳ ಕಣ್ಣು ಹೇಗಾದೀತು! ಈ ತಾಯಿ ಮಗಳಿಗೆ ಬಂದ ಆರ್ಡರುಗಳಲ್ಲಿ ಒಂದು ಶಾಲೆಯ ಛದ್ಮವೇಷ ಸ್ಪರ್ಧೆಯ ಹನುಮಂತನದೂ ಇತ್ತು. ವೇಷ ಕಟ್ಟುವ ಹಳಬರೂ ಮೋಟರು ಬಲ್ಲ ಹೊಸಬರೂ ಒಂದೇ ಕೋಣೆಯಲ್ಲಿ ಕೂರುವುದು ಅಪರೂಪ. ಈ ಮನೆಯಲ್ಲಿ ಕೂತಿದ್ದಾರೆ, ಅದಕ್ಕೇ ಬಾಲ ಚೆನ್ನಾಗಿದೆ.

ಮಾರಾಟದ ಮಾತು. ಸಾಮಾನಿಗೆ ಸಾವಿರದ ಐನೂರರ ಆಸುಪಾಸು ಬೀಳುತ್ತದೆ, ಬಾಲ ನಾಲ್ಕೂವರೆ ಸಾವಿರಕ್ಕೆ ಹೋಗುತ್ತದೆ. ಉಳಿದದ್ದು ಇಬ್ಬರ ಕೂಲಿ, ಕೆಟ್ಟು ಬಿಸಾಡಿದ ಮೋಟರು, ಪೇಟೆಗೆ ಓಡಾಟ, ಮುಂದಿನ ರಿಪೇರಿ. ಅರ್ಧ ಹಣ ಮುಂಗಡ. ಸೊಂಟದ ಸುತ್ತಳತೆ ಮತ್ತು ಸೊಂಟದಿಂದ ನೆಲದವರೆಗಿನ ಎತ್ತರ ಕಳಿಸದೆ ಕೆಲಸ ಶುರುವಾಗುವುದಿಲ್ಲ. ತುದಿ ನೆಲಕ್ಕೆ ತಾಗಿದರೆ ಮೊದಲ ದಿನವೇ ಯಾರೋ ತುಳಿಯುತ್ತಾರೆ. ದಾರ ತುಂಡಾದರೆ ಒಂದು ವರ್ಷ ಪುಕ್ಕಟೆ ಕಟ್ಟಿ ಕೊಡುತ್ತಾರೆ. ಪ್ರಸಿದ್ಧ ಪಾತ್ರಗಳ ಹೆಸರು, ಲಾಂಛನ ಹಾಕಿ ಮಾರುವುದಿಲ್ಲ, ಅವುಗಳ ಹಕ್ಕು ಬೇರೆಯವರದು. ನರಿ, ಬೆಕ್ಕು, ಹುಲಿಗೆ ಯಾರ ಅಪ್ಪಣೆಯೂ ಬೇಡ.

ಅಂಚೆಯಲ್ಲಿ ಕಳಿಸುವಾಗ ಬ್ಯಾಟರಿ ಇಡುವುದಿಲ್ಲ. ಲಿಥಿಯಂ ಬ್ಯಾಟರಿ ಇರುವ ಪಾರ್ಸೆಲ್ಲಿಗೆ ವಿಮಾನದಲ್ಲಿ ನಿರ್ಬಂಧಗಳಿವೆ. ಕೊಂಡವರು ತಮ್ಮ ಪವರ್‌ಬ್ಯಾಂಕ್ ಸಿಕ್ಕಿಸಿಕೊಂಡರಾಯಿತು. ವಿಮಾನದಲ್ಲಿ ಹೋಗುವವರು ಪವರ್‌ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವಂತಿಲ್ಲ. ರಾಜ್ಯದೊಳಗೇ ಸರಕು ಮಾರುವ ಸಣ್ಣವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಗೊಡವೆ ಇಲ್ಲ. ಹೊರರಾಜ್ಯಗಳ ಆರ್ಡರು ಹಿಡಿಯುವ ಮೊದಲು ಲೆಕ್ಕ ಬಲ್ಲವರೊಬ್ಬರನ್ನು ಕೇಳುವುದು ಒಳ್ಳೆಯದು.

“ಎಂಟುನೂರಕ್ಕೆ ಚೀನಾದ್ದು ಸಿಗುತ್ತಲ್ಲಾ” ಎನ್ನುವ ಗಿರಾಕಿಗಳು ಬರುತ್ತಲೇ ಇರುತ್ತಾರೆ. ಸಿಗುತ್ತದೆ. ಅದು ಅಲ್ಲಾಡುವುದಿಲ್ಲ, ಅಲ್ಲಾಡಿದರೂ ಕೆಟ್ಟಾಗ ಬಿಚ್ಚಿ ನೋಡುವವರಿಲ್ಲ. ಈ ಮೇಜಿನ ಮೇಲೆ ಮೂರು ವರ್ಷದ ಹಿಂದೆ ಮಾರಿದ ಬೆಕ್ಕಿನ ಬಾಲವೊಂದು ಹೊಸ ದಾರಕ್ಕಾಗಿ ವಾಪಸು ಬಂದಿತ್ತು. ಕೂದಲು ಅಲ್ಲಲ್ಲಿ ಸವೆದಿತ್ತು, ಮೋಟರು ಸರಿಯಾಗಿತ್ತು. ಕೈಯಿಂದ ಮಾಡಿದ ವಸ್ತುವಿಗೆ ಕೈಯ ಬೆಲೆ ಕೊಡಬೇಕು ಎಂಬ ಮಾತಿಗೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಚೌಕಾಸಿ ಮಾಡುವ ಮೊದಲು ಒಮ್ಮೆ ಒಳಗಿನದನ್ನು ತೋರಿಸಿ ಎಂದು ಕೇಳಿ, ಸಂತೋಷದಿಂದ ತೋರಿಸುತ್ತಾರೆ.

ನೀವೇ ಮಾಡಿ ನೋಡುವ ಮನಸ್ಸಿದ್ದರೆ ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ನಿಲ್ದಾಣಕ್ಕೆ ಇಳಿದು ನಡೆಯಿರಿ. ಕಾರು ತಂದರೆ ನಿಲ್ಲಿಸಲು ಜಾಗ ಸಿಗದು. ಭಾನುವಾರ ಎಸ್.ಪಿ. ರಸ್ತೆಯ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ವಾರದ ದಿನ ಹನ್ನೊಂದರ ಮೇಲೆ ಹೋಗಿ. ಮೋಟರನ್ನು ಅಲ್ಲೇ ಓಡಿಸಿ ನೋಡಿ, ಬಿಲ್ಲು ಕೇಳಿ ಪಡೆಯಿರಿ, ಫರ್ ಕೊಯ್ಯಲು ಒಂದು ಬ್ಲೇಡು ಜೊತೆಗಿರಲಿ. ಮಕ್ಕಳ ಶಾಲೆಯಲ್ಲಿ ಮುಂದಿನ ಛದ್ಮವೇಷ ಸ್ಪರ್ಧೆಗೆ ಬಾಡಿಗೆ ಡ್ರೆಸ್ಸು ತರುವ ಬದಲು ಮಗುವನ್ನು ಕರೆದುಕೊಂಡು ಒಂದು ಸಲ ಈ ಬೀದಿಗಳಿಗೆ ಬನ್ನಿ.